ಚಿಕ್ಕಮ್ಮನ ಸಿಟ್ಟು, ಚಿಕ್ಕಪ್ಪನ ಗೇರ್‌ಬಾಕ್ಸ್

ನಮ್ಮ ಚಿಕ್ಕಪ್ಪ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದವನು. ಎಲ್ಲವೂ ಬೇರೆಯವರು ಮಾಡಿದ್ದು. ತಾನೇ ಯೋಚಿಸಿ ಮಾಡಿದ ಒಂದಾದರೂ ಓಡಬೇಕು ಎಂಬ ಆಸೆ ನಿವೃತ್ತಿಯಾದರೂ ಸಾಯಲಿಲ್ಲ. ಮಗಳು ಕಾಲೇಜಿನ ರೋಬೋಟ್ ಸ್ಪರ್ಧೆಗೆ ಎರಡು ಗೇರಿನ ಬಾಕ್ಸ್ ಬೇಕು ಅಂದದ್ದೇ ತಡ, ಊಟದ ಮೇಜು ಅವನ ವಶವಾಯಿತು.

ಓಡಲು ಒಂದು ಗೇರ್, ಭಾರ ತಳ್ಳಲು ಇನ್ನೊಂದು. ನಡುವೆ ಹಲ್ಲಿನ ಉಂಗುರವೊಂದು ಅತ್ತಿತ್ತ ಜಾರಬೇಕು. ಹಲ್ಲಿಗೆ ಹಲ್ಲು ಎದುರಾದರೆ ಗೇರ್ ಬೀಳುವುದಿಲ್ಲ. ಡಿಪೋದಲ್ಲಿ ಆಗ ಹಲ್ಲು ಸರಿದು ಕೂಡಲೆಂದು ಇಬ್ಬರು ಹಿಂದಿನಿಂದ ಬಸ್ಸನ್ನೇ ಅಲ್ಲಾಡಿಸುತ್ತಿದ್ದರು. ಚಿಕ್ಕಪ್ಪನ ಬಾಕ್ಸಿಗೆ ಅದೂ ಬೇಕಿರಲಿಲ್ಲ. ಮನೆಯ ಹಲಗೆ ನೆಲದ ಮೇಲೆ ಎರಡು ತಿಂಗಳು ಪರೀಕ್ಷೆ ಮಾಡಿದರೂ ಒಮ್ಮೆಯೂ ತಪ್ಪಲಿಲ್ಲ. ಆ ಎರಡು ತಿಂಗಳೂ ಚಿಕ್ಕಮ್ಮ ಮೇಜಿನ ಗ್ರೀಸಿಗೆ ಬೈಯುತ್ತ, ಕಳೆದುಹೋದ ದೊಡ್ಡ ಪಾತ್ರೆಯ ಮುಚ್ಚಳ ಹುಡುಕುತ್ತ, ಕಾಲು ಅಪ್ಪಳಿಸಿಕೊಂಡು ಓಡಾಡುತ್ತಿದ್ದಳು. ಪಕ್ಕದ ಮನೆಯವಳೇ ಮುಚ್ಚಳ ಕದ್ದಳೆಂದು ಅವಳ ಜೊತೆ ಮಾತೂ ಬಿಟ್ಟಿದ್ದಳು. ಅವಳ ಸಿಟ್ಟು ಆ ಮನೆಯಲ್ಲಿ ಗಾಳಿ ಬೆಳಕಿನ ಹಾಗೆ, ಯಾರೂ ಗಮನಿಸುವುದಿಲ್ಲ.

ಸ್ಪರ್ಧೆಯಲ್ಲಿ ಭಾರದ ಪೆಟ್ಟಿಗೆಯೊಂದನ್ನು ಗೆರೆ ದಾಟಿಸಬೇಕು. ಮೂರೇ ಅವಕಾಶ. ಮೊದಲೆರಡು ಸಲವೂ ರೋಬೋಟ್ ಪೆಟ್ಟಿಗೆವರೆಗೆ ಓಡಿತು, ಗೇರ್ ಬೀಳದೆ ಗೊರಗುಟ್ಟುತ್ತ ನಿಂತಿತು.

ಮಗಳಿಗೆ ಹೊಳೆಯಿತು. "ಅಪ್ಪ, ಮನೇಲಿ ಗೇರ್ ಬೀಳ್ತಿದ್ದಿದ್ದು ಅಮ್ಮ ಕಾಲು ಅಪ್ಪಳಿಸಿದಾಗ."

ಕಣವೂ ಹಲಗೆಯದೇ, ಮನೆಯವರ ಬೆಂಚು ಇದ್ದದ್ದೂ ಅದೇ ಹಲಗೆಯ ಮೇಲೆ. ಅಲ್ಲಿ ಚಿಕ್ಕಮ್ಮ ಹೊಸ ಬಟ್ಟೆಯುಟ್ಟು, ಸಿಕ್ಕಸಿಕ್ಕವರಿಗೆಲ್ಲ "ನಮ್ಮ ಯಜಮಾನ್ರು ಮಾಡಿದ್ದು" ಅನ್ನುತ್ತಿದ್ದಳು.

"ಸ್ವಲ್ಪ ಸಿಟ್ಟು ಮಾಡ್ಕೊಳ್ಳೇ," ಎಂದ ಚಿಕ್ಕಪ್ಪ.

"ಇವತ್ತು ಬರ್ತಿಲ್ಲ ರೀ."

"ಸುಮ್ನೆ ಆದ್ರೂ ಕಾಲು ಅಪ್ಪಳಿಸು."

ಅಪ್ಪಳಿಸಿದಳು. ಒಂದು ನೊಣವೂ ಏಳಲಿಲ್ಲ. "ಆಗಲ್ಲ ರೀ. ನಿಮ್ಮನ್ನ ನೋಡಿದ್ರೆ ಹೆಮ್ಮೆ ಆಗ್ತಿದೆ."

ಆ ಮಾತನ್ನು ಅವಳ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು. ಚಿಕ್ಕಪ್ಪನಿಗೆ ಅದೊಂದನ್ನೇ ಗಂಟು ಕಟ್ಟಿಕೊಂಡು ಮನೆಗೆ ಹೋಗಿಬಿಡೋಣ ಅನ್ನಿಸಿತು. ಆದರೆ ಮಗಳು ರಿಮೋಟ್ ಹಿಡಿದು ಅವನನ್ನೇ ನೋಡುತ್ತಿದ್ದಳು. ಮೂರನೇ ಸಲ ರೋಬೋಟ್ ಪೆಟ್ಟಿಗೆಯ ಮುಂದೆ ಗೊರಗುಟ್ಟುತ್ತಿತ್ತು.

"ನಿನ್ನ ಮುಚ್ಚಳ ಯಾರೂ ಕದ್ದಿಲ್ಲ ಕಣೇ," ಎಂದ. "ಬಾಕ್ಸಿನ ಎರಡು ಪಕ್ಕದ ತಗಡೂ ಅದನ್ನೇ ಕತ್ತರಿಸಿ ಮಾಡಿದ್ದು."

ಚಿಕ್ಕಮ್ಮ ಎದ್ದಳು. ಕಾಲು ಅಪ್ಪಳಿಸಿದ ಹೊಡೆತಕ್ಕೆ ತೀರ್ಪುಗಾರರ ನೀರಿನ ಲೋಟ ಉರುಳಿತು. ಕಣದಲ್ಲಿ ಟಕ್ ಎಂದು ಗೇರ್ ಬಿತ್ತು. ಪೆಟ್ಟಿಗೆ ಗೆರೆ ದಾಟಿತು.

ಬಹುಮಾನವಾಗಿ ಬಂದದ್ದು, ಬಾಕ್ಸ್ ಮಾಡಿದವನೆಂದು ಚಿಕ್ಕಪ್ಪನ ಹೆಸರು ಕೆತ್ತಿದ ಅಗಲವಾದ ತಟ್ಟೆ. ಈಗ ಅದೇ ಆ ಪಾತ್ರೆಯ ಮುಚ್ಚಳ. ಹೆಸರು ಮೇಲೆ ಕಾಣುವಂತೆ ಮುಚ್ಚಿದ್ದರೆ ಮನೆ ಶಾಂತ. ಕೆಳಮುಖವಾಗಿದ್ದರೆ ಚಿಕ್ಕಪ್ಪ ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಾನೆ.