ಕೋಲಿಗೆ ಕಟ್ಟಿದ ಹಸಿರು ಬಟ್ಟೆ

ಕಾಕಾ ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಮೈಕು ಸಿಕ್ಕಿಸಿದ ಉದ್ದನೆಯ ಕೋಲನ್ನು ಮೂವತ್ತು ವರ್ಷ ನಟನಟಿಯರ ತಲೆಯ ಮೇಲೆ ಎತ್ತಿ ಹಿಡಿದ ಭುಜ ಅದು. ಕೋಲಿನ ನೆರಳು ಕ್ಯಾಮೆರಾಕ್ಕೆ ಕಾಣಬಾರದು, ನಟಿಯ ಪಿಸುಮಾತು ತಪ್ಪಬಾರದು. ಪುಣೆಯ ಹಡಪ್ಸರದಾಚೆಯ ಗೋದಾಮಿನಲ್ಲಿ ಎಬ್ಬಿಸಿದ ಧಾರಾವಾಹಿಯ ಸೆಟ್ಟಿನಲ್ಲಿ ಎಲ್ಲರಿಗೂ ಕಾಕಾ, ಎಂದರೆ ಚಿಕ್ಕಪ್ಪ, ಆಗಿದ್ದ ಈ ಧಾರವಾಡ ಕಡೆಯ ಹಿರಿಯರೇ, ಸ್ನಾತಕೋತ್ತರ ಪದವಿ ಹೊತ್ತು ಬಂದ ನನಗೆ ಗುರು.

“ಯುನಿವರ್ಸಿಟ್ಯಾಗ ಕೋಲು ಹಿಡಿಯೋದು ಕಲಿಸಲಿಲ್ಲೇನವಾ? ಬರೇ ಸರ್ಟಿಫಿಕೇಟ್ ಹಿಡಿಯೋದು ಕಲಿಸ್ಯಾರ!” ಎಂದು ಮೊದಲ ದಿನವೇ ಛೇಡಿಸಿದ್ದರು.

ಪ್ರತಿ ದೃಶ್ಯದ ನಂತರ ಅರ್ಧ ನಿಮಿಷ ಇಡೀ ಸೆಟ್ಟನ್ನು ಸುಮ್ಮನಾಗಿಸಿ, ಮಾತುಗಳ ನಡುವಿನ ಸಂದು ತುಂಬಲು ಖಾಲಿ ಕೋಣೆಯ ಸದ್ದನ್ನೂ ಮುದ್ರಿಸಿಕೊಳ್ಳುವುದು ಅವರ ಹಟ. ಹೊತ್ತು ಹಾಳೆಂದು ಎಲ್ಲರೂ ಜಗಳಕ್ಕೆ ಬಂದರೆ ಮರಾಠಿಯಲ್ಲಿ ಗದರಿಸಿ, ನನ್ನತ್ತ ತಿರುಗಿ ಗೋಡೆ ತೋರಿಸುತ್ತ, “ಗ್ವಾಡಿನೂ ಮಾತಾಡ್ತಾವವಾ, ಕೇಳಿಸ್ಕೋ” ಎನ್ನುತ್ತಿದ್ದರು.

ಕಳೆದ ವರ್ಷ ಆ ಭುಜದ ಸ್ನಾಯು ಹರಿಯಿತು. ಒಂದೂವರೆ ತಿಂಗಳು ಕೈ ಎತ್ತಕೂಡದೆಂದರು ವೈದ್ಯರು. ನಮ್ಮ ಕಸುಬಿನಲ್ಲಿ ರಜೆಯೆಂಬುದಿಲ್ಲ. ಹೋಗುವವರೇ ಬದಲಿಯನ್ನು ಒದಗಿಸಬೇಕು. ಕಾಯಿಲೆಯೆಂದು ಬಾಯಿಬಿಟ್ಟರೆ ಜಾಗ ಹೋದಂತೆ. ಆದ್ದರಿಂದ ಕಾಕಾ, ಊರಲ್ಲಿ ತಮ್ಮನ ಮಗಳ ಮದುವೆ, ಹಿಂದೆಯೇ ಮನೆ ರಿಪೇರಿ ಎಂದು ಸುಳ್ಳು ಹೇಳಿದರು. ತಮ್ಮ ಹಸಿರು ಬಟ್ಟೆಯ ಪಟ್ಟಿಯನ್ನು ಕೋಲಿಗೆ ಕಟ್ಟಿ ನನ್ನ ಕೈಗಿತ್ತರು. ಜಾಗ ಇನ್ನೂ ತಮ್ಮದೇ ಎಂಬುದಕ್ಕೆ ಹಳಬರು ಇಡುವ ಗುರುತು ಅದು.

ಅವರು ಮರಳಿದ ಬೆಳಿಗ್ಗೆ ನಾನು ಶಾಟ್‌ಗೆ ಕೋಲೆತ್ತಿ ನಿಂತಿದ್ದೆ. ಪ್ರೊಡಕ್ಷನ್ ಮ್ಯಾನೇಜರ್ ಅವರನ್ನು ಬಾಗಿಲಲ್ಲೇ ತಡೆದು, “ಪೋರಗೀ ಛಾನ್ ಕರತೇಯ, ಕಾಕಾ. ಫೋನ್ ಕರತೋ” ಎಂದರು. ಹುಡುಗಿ ಚೆನ್ನಾಗಿ ಮಾಡುತ್ತಿದ್ದಾಳೆ, ಫೋನ್ ಮಾಡುತ್ತೇನೆ. ಇಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಫೋನ್ ಬರುವುದು ನಿಲ್ಲುತ್ತದೆ. ತೆಗೆದವರು ಯಾರೆಂದು ಕೇಳಿದರೆ ಯಾರೂ ಅಲ್ಲ!

ನಾನು ಕೋಲು ಇಳಿಸಹೊರಟೆ. “ಕೈ ಇಳಿಸಬ್ಯಾಡವಾ, ಶಾಟ್ ಅದ” ಎಂದರು ಕಾಕಾ, ಬಾಗಿಲಿನಿಂದಲೇ. ನಾನು ಇಳಿಸಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಫೋನ್ ಬರಲೇ ಇಲ್ಲ. ಈ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಸೆಟ್ಟಿನಲ್ಲಿ ಅರ್ಧ ನಿಮಿಷ ಮೌನ ಆಚರಿಸಿದರು, ಅದೇ ಅರ್ಧ ನಿಮಿಷಕ್ಕಾಗಿ ಅವರೊಡನೆ ನಿತ್ಯ ಜಗಳವಾಡಿದ್ದವರು.

ಈಗ ನನ್ನ ಬಲಭುಜವೂ ನೋಯುತ್ತಿದೆ. ನಾನು ಮದುವೆಯ ನೆಪ ಹೇಳಲಿಲ್ಲ. ಭುಜದ ಚಿಕಿತ್ಸೆಗೆ ರಜೆ, ಮರಳುವವರೆಗೆ ಜಾಗ ನನ್ನದೇ ಎಂದು ಬರೆದು ಮ್ಯಾನೇಜರರ ಸಹಿ ಕೇಳಿದೆ. “ಲಿಹೂನ್ ಕಶಾಲಾ? ಆಪಣ್ ಕುಟುಂಬ್ ನಾ!” ಬರೆದುಕೊಡುವುದೇಕೆ, ನಾವೊಂದು ಕುಟುಂಬವಲ್ಲವೇ ಎಂದು ನಕ್ಕರು. ಹಾಗಾದರೆ ಕಾಕಾ ಯಾರಿಗೆ ಕಾಕಾ ಆಗಿದ್ದರು, ಸ್ವಾಮಿ?

ಸಹಿಯಾಗುವವರೆಗೆ ನನ್ನ ಬದಲಿಗೆ ಬರುವುದಿಲ್ಲವೆಂದು ಪುಣೆಯಲ್ಲಿ ನನಗೆ ಗೊತ್ತಿರುವ ಕೋಲು ಹಿಡಿಯುವವರೆಲ್ಲ ಹೇಳಿದ್ದಾರೆ. ಹಸಿರು ಬಟ್ಟೆ ಕಟ್ಟಿದ ಕೋಲು ಗೋಡೆಗೊರಗಿದೆ.

ಕೈ ಇಳಿಸಿದ್ದೇನೆ, ಕಾಕಾ. ಶಾಟ್ ನಿಂತಿದೆ.