ಗೌರತ್ತಿಯ ಸಾಬೂನು ನೀರು

ಕಳೆದ ಭಾನುವಾರ ಸಾನಪಾಡಾದ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಿಂದ ನಿಂಬೆಹಣ್ಣಿನ ವಾಸನೆ ಬಂತು. ಹಣ್ಣಿನದ್ದಲ್ಲ, ಜನ್ಮದಲ್ಲಿ ಹಣ್ಣನ್ನೇ ಕಾಣದ, ಪುಟ್ಟ ಬಾಟಲಿಯಲ್ಲಿ ಸಿಗುವ ಸೆಂಟಿನದ್ದು. ಒಳಗೆ ಹದಿನೈದಿಪ್ಪತ್ತು ಹೆಂಗಸರು ಏಪ್ರನ್ ಕಟ್ಟಿಕೊಂಡು ಮನೆಯಲ್ಲೇ ಲಿಕ್ವಿಡ್ ಸೋಪ್ ಮಾಡುವುದನ್ನು ಕಲಿಯುತ್ತಿದ್ದರು. ಕಲಿಸಲು ಬಂದವಳು ಅಂಟುವಾಳದ ನೀರಿಗೆ ಏನನ್ನೋ ಒಂದು ಚಮಚ ಬೆರೆಸಿ, ಗಾಜಿನ ಕಡ್ಡಿಯಿಂದ ಎರಡು ಸುತ್ತು ತಿರುಗಿಸಿ, ಇದನ್ನು ಪ್ರೀತಿಯಿಂದ ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ಫೋಟೋ ತೆಗೆದುಕೊಂಡರು. ಅವರಲ್ಲಿ ಒಬ್ಬಳಾದರೂ ಆ ಸಂಜೆ ತನ್ನ ಮನೆಯ ಪಾತ್ರೆಯನ್ನು ತಾನೇ ತೊಳೆದಿರಲಿಕ್ಕಿಲ್ಲ. ನನಗೆ ನಗು ಬಂತು, ಒಳ್ಳೆಯ ನಗುವಲ್ಲ. ಆಮೇಲೆ ಆ ವಾಸನೆ ಗಂಟಲಿಗೆ ಇಳಿಯಿತು. ಠಾಣೆ ಪಟ್ಟಣದ ಹಿನ್ನೀರಿನ ಆಚೆ, ಕಳವಾ ಎಂಬಲ್ಲಿನ ಗುಡ್ಡದ ಮೇಲಿದ್ದ ನಮ್ಮ ಹತ್ತಡಿಯ ಒಂಟಿ ಕೋಣೆಯ ಖೋಲಿ, ಬಾಗಿಲ ಹೊರಗಿನ ನೀಲಿ ಡ್ರಮ್ಮು, ಅದರ ಮುಂದೆ ಸೀರೆ ಮೇಲೆತ್ತಿ ಕಟ್ಟಿ ಕುಕ್ಕುರುಗಾಲಲ್ಲಿ ಕೂತ ಗೌರತ್ತಿ, ಎಲ್ಲ ಕಣ್ಣಮುಂದೆ ಬಂದು ನಿಂತವು. ಇಂಥದ್ದನ್ನೂ ಮನೆ ಅನ್ನುತ್ತಾರೆಯೇ ಎಂದು ಕೇಳುವವರಿಗೆ ನಾನು ಹೇಳುವುದೇನೂ ಇಲ್ಲ. ಒಮ್ಮೆ ಮನೆ ಕಳೆದುಕೊಂಡವರಿಗೆ ಹೇಳುವ ಅಗತ್ಯವಿಲ್ಲ.

ಗೌರತ್ತಿ ನನ್ನ ಅಪ್ಪನ ಅಕ್ಕ. ಅವ್ವ ತೀರಿಕೊಂಡಾಗ ನನಗೆ ಎಂಟು ವರ್ಷ. ಅಪ್ಪ ಕಲಬುರಗಿ ಕಡೆಯ ಊರಿನಿಂದ ನನ್ನನ್ನು ಕರೆತಂದು ಅವಳ ಕೈಗೆ ಒಪ್ಪಿಸಿ, ಮರುದಿನವೇ ಅಂಬರನಾಥದ ಕಾರ್ಖಾನೆಗೆ ಚೀಲ ಹೊರಲು ಹೋದ. ಅತ್ತಿಯನ್ನು ಗಂಡ ಬಿಟ್ಟಿದ್ದ, ಮಕ್ಕಳಿರಲಿಲ್ಲ, ಅಕ್ಷರ ಬರುತ್ತಿರಲಿಲ್ಲ. ಠಾಣೆಯ ಮೂರು ಮನೆಗಳಲ್ಲಿ ಭಾಂಡೆ, ಅಂದರೆ ಪಾತ್ರೆ, ತಿಕ್ಕುತ್ತಿದ್ದಳು. ಆದರೆ ಜಗತ್ತನ್ನು ಅಷ್ಟು ಕೀಳಾಗಿ ಕಂಡ ಮನುಷ್ಯರನ್ನು ನಾನು ಮತ್ತೆ ನೋಡಿಲ್ಲ. ಆ ಮೂರು ಮನೆಯ ಒಡತಿಯರಾದ ಬಾಯಂದಿರ ಎದುರು ತಗ್ಗಿದ ದನಿಯಲ್ಲಿ ಮಾತಾಡಿ ಮನೆಗೆ ಬಂದಮೇಲೆ, ಅವಳ ಬಾಯಲ್ಲಿ ಅವರು ‘ಉಂಡ ತಾಟು ಎತ್ತಲಿಕ್ಕ ಬರದವರು’. ಅಪ್ಪ ‘ಕಣ್ಣಿಗಿ ಪಟ್ಟಿ ಕಟ್ಟಿದ ಎತ್ತು’. ನಾನು ‘ಸಗಣಿ ತಲಿ’. “ಏ ಸಗಣಿ ತಲಿ, ಉಂಡ್ಯೋ ಇಲ್ಲೋ?” ಎಂದು ಕೂಗಿ ರೊಟ್ಟಿಯನ್ನು ತಾಟಿಗೆ ಬೀಸಿ ಒಗೆಯುತ್ತಿದ್ದಳು, ಒಗೆದದ್ದು ಯಾವಾಗಲೂ ಬುಟ್ಟಿಯ ತಳದಲ್ಲಿ ಬಟ್ಟೆ ಸುತ್ತಿ ಮೆತ್ತಗೆ ಇಟ್ಟುಕೊಂಡಿದ್ದ ರೊಟ್ಟಿಯೇ. ಆ ಬೈಗುಳ ಕೇಳದ ದಿನ ಅವಳ ಮೈಗೆ ಹುಷಾರಿಲ್ಲವೆಂದು ನಾವು ತಿಳಿಯುತ್ತಿದ್ದೆವು.

ನನಗೆ ಹತ್ತು ತುಂಬಿದ ವರ್ಷ, ಠಾಣೆಯ ಒಂದು ಮಹಿಳಾ ಮಂಡಳದವರು ಬಡ ಹೆಂಗಸರಿಗೆ ಪುಕ್ಕಟೆಯಾಗಿ ಲಿಕ್ವಿಡ್ ಸೋಪು ಮಾಡುವುದನ್ನು ಹೇಳಿಕೊಡುತ್ತಾರೆಂಬ ಸುದ್ದಿ ಬಂತು. “ಮಂದಿ ಎಂಜಲ ತಿಕ್ಕಿ ಸಾಕಾಗ್ಯಾದ. ಇನ್ನ ನಾ ಸಾಬಾಣ ಮಾಡ್ತೀನಿ, ಅವರು ತಗೊಂಡು ತಾವೇ ತಿಕ್ಕೊಳ್ಳಲಿ” ಎಂದಳು ಅತ್ತಿ. ನಾನು ಮರಾಠಿ ಶಾಲೆಗೆ ಹೋಗುತ್ತಿದ್ದೆನಾದ್ದರಿಂದ ಬರೆದುಕೊಳ್ಳಲು ನನ್ನನ್ನೂ ಕರೆದುಕೊಂಡು ಹೋದಳು. ಕಲಿಸುವ ಮೇಡಂ ಕೈಗೆ ಗ್ಲೌಸು ಹಾಕಿ, ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದಳು. ಕರವಸ್ತ್ರ ಕೆಮಿಕಲ್ಲಿಗೋ ನಮಗೋ ತಿಳಿಯಲಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಗೋಡೆಯನ್ನು ನೋಡಿ ಉತ್ತರ ಕೊಡುತ್ತಿದ್ದಳು. ಸಾಬೂನಿನಲ್ಲಿ ಕ್ಷಾರ ಹೆಚ್ಚಾಗಿದೆಯೇ ಎಂದು ನೋಡುವ ಬಣ್ಣದ ಕಾಗದದ ಪಟ್ಟಿಯನ್ನು ಅದ್ದಿ ತೋರಿಸಿ, ಉಳಿದ ಪಟ್ಟಿಗಳನ್ನು ತನ್ನ ಪರ್ಸಿಗೇ ಹಾಕಿಕೊಂಡಳು. ಆ ಹೆಂಗಸನ್ನು ಹೀಗಳೆಯುವುದು ಸುಲಭ, ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಆದರೆ ಆ ಸಭಾಂಗಣದಲ್ಲಿ ಅವಳಿಗಿಂತ ಕೀಳಾದವಳು ಇನ್ನೊಬ್ಬಳಿದ್ದಳು, ನಾನು. ಮೂಲೆಯಲ್ಲಿ ಫ್ಯಾನಿನ ಕೆಳಗೆ ಮೇಡಂನ ಮಗಳು, ನನ್ನದೇ ವಯಸ್ಸಿನವಳು, ಚಿಪ್ಸ್ ತಿನ್ನುತ್ತ ಕೂತಿದ್ದಳು. ಪರರ ಅಡುಗೆಮನೆಯ ವಾಸನೆಯ ಸೀರೆ ಉಟ್ಟ ಅತ್ತಿಯ ಜೊತೆ ಬಂದವಳು ನಾನೆಂದು ಅವಳಿಗೆ ಗೊತ್ತಾಗದಿರಲೆಂದು ನಾನು ಒಂದು ಮಾರು ದೂರ ಸರಿದು, ಮುಖ ತಿರುಗಿಸಿ ಕೂತೆ. ಮೇಡಂ ಅಳತೆ ಹೇಳುತ್ತಲೇ ಇದ್ದಳು. ನನ್ನ ಗಮನ ಮರಳಿದಾಗ ಕಾಸ್ಟಿಕ್ ಸೋಡಾದ ಅಳತೆ ದಾಟಿಹೋಗಿತ್ತು. ಮತ್ತೆ ಕೇಳಬೇಕೆಂದರೆ ಎಲ್ಲರೆದುರು ಎದ್ದು ನಿಲ್ಲಬೇಕು. ನಾನು ಏಳಲಿಲ್ಲ. ಕಾಗದದ ಮೇಲೆ ತೋಚಿದಂತೆ ಇನ್ನೂರ ಐವತ್ತು ಗ್ರಾಂ ಎಂದು ಬರೆದು ಮಡಚಿದೆ.

ಮರುದಿನ ಕಲ್ಯಾಣದ ಅಂಗಡಿಯೊಂದರಿಂದ ಅತ್ತಿ ಸಾಮಾನು ತಂದಳು. ನೊರೆ ಬರಿಸುವ, ಕಾಕಂಬಿಯಂತೆ ಕಪ್ಪಗೆ ಮಂದವಾದ ಆಸಿಡ್ ಸ್ಲರಿ, ಕಲ್ಲುಪ್ಪು, ಹಸಿರು ಬಣ್ಣ, ನಿಂಬೆ ಸೆಂಟು, ಬಿಳಿ ಹಳಕಿನಂಥ ಕಾಸ್ಟಿಕ್ ಸೋಡಾ. ನಾನು ಕಾಗದ ನೋಡಿ ಅಳತೆ ಓದಿ ಹೇಳುತ್ತಿದ್ದೆ; ಸೋಡಾ ತೂಗಲು ಕೂತಾಗ ಅವಳ ಕೈ ನಿಂತಿತು.

“ಆ ಬಾಯಿ ದೀಡಶೆ ಅಂದ್ಳಲ್ಲ?” ಮರಾಠಿಯಲ್ಲಿ ದೀಡಶೆ ಅಂದರೆ ನೂರ ಐವತ್ತು.

“ಅಡೀಚಶೆ, ಇನ್ನೂರ ಐವತ್ತು. ಬರದೀನಿ ನೋಡು.”

“ನನ್ನ ಕಿವಿಗಿ ದೀಡಶೆ ಬಿದ್ದದ.”

“ನಿನಗೇನ್ ಓದ್ಲಿಕ್ಕ ಬರ್ತದ? ಬರದಾಕಿ ನಾನು.”

ಹೇಳಿದ ದನಿ ನನ್ನದೇ. ಅದರಲ್ಲಿ ಹೆದರಿಕೆಯೂ ಇತ್ತೆಂದು ಈಗ ಹೇಳಿಕೊಂಡರೆ ಯಾರಿಗೆ ಬೇಕು? ಅತ್ತಿ ತಿರುಗಿ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಕಾಗದದ ಮೇಲಿನ ಅಂಕಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಜಗತ್ತಿನಲ್ಲಿ ಅವಳು ಗೌರವ ಕೊಡುತ್ತಿದ್ದದ್ದು ಬರೆದ ಅಕ್ಷರವೊಂದಕ್ಕೇ ಇರಬೇಕು. “ಹಂಗಿದ್ರ ಹಂಗೇ ಹಾಕಮಿ” ಎಂದಳು. ನೀರಿಗೆ ಸೋಡಾ ಬಿದ್ದೊಡನೆ ಒಲೆಯಿಲ್ಲದೆ ಬಕೆಟ್ಟು ಕಾದು ಹೊಗೆಯಾಡಿತು. ಅದು ತಣಿದ ಮೇಲೆ ಸ್ಲರಿಗೆ ಸುರಿಯುತ್ತ, ಬಿದಿರ ಕೋಲಿನಿಂದ ಒಂದೇ ದಿಕ್ಕಿಗೆ ತಾಸುಗಟ್ಟಲೆ ತಿರುವಿದಳು. ಮರುದಿನ ನೊರೆ ಇಳಿದಾಗ ಡ್ರಮ್ಮಿನಲ್ಲಿ ಹಸಿರು ಗಾಜಿನಂಥ ಸಾಬೂನು ನೀರು ಹೊಳೆಯುತ್ತಿತ್ತು. ನಮ್ಮ ಸಾಲಿನ ಆರು ಖೋಲಿಗಳಿಗೆ ನೋಡಲಿಕ್ಕೆಂದು ಒಂದೊಂದು ಬಾಟಲಿ ಕೊಟ್ಟಳು. ತಾನೂ ಒಯ್ದು ಮೂರು ಮನೆಯ ಭಾಂಡೆಯನ್ನು ಅದರಲ್ಲೇ ತಿಕ್ಕಿದಳು.

ಮೂರನೆಯ ದಿನ ಪಕ್ಕದ ಖೋಲಿಯ ಶಾಂತಾಬಾಯಿ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಾಗಿಲಿಗೆ ಬಂದಳು. ಎಲ್ಲರ ಬೆರಳ ಸಂದಿಗಳು ಕೆಂಪಗೆ ಸುಲಿದಿದ್ದವು. ಎಲ್ಲರಿಗಿಂತ ಹೆಚ್ಚು ಸುಲಿದಿದ್ದ ಕೈ ಅತ್ತಿಯದು; ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳು ಹೊಸ್ತಿಲಲ್ಲಿ ನಿಂತಳು. ನಾನು ಒಳಗೆ ಟ್ರಂಕಿನ ಮೇಲೆ ಕೂತಿದ್ದೆ. ಈಗ ನನ್ನ ಹೆಸರು ಬರುತ್ತದೆ ಅಂದುಕೊಂಡೆ.

“ಗಲತಿ ಮೇರೀಚ್ ಹೈ,” ಅಂದಳು ಅತ್ತಿ, “ಮೇರೆಕು ಪಢನಾ ನೈ ಆತಾ.” ತಪ್ಪು ನನ್ನದೇ, ನನಗೆ ಓದಲು ಬರುವುದಿಲ್ಲ.

ಅಷ್ಟು ವರ್ಷ ಆ ಸಾಲಿನಲ್ಲಿ ಯಾರಿಗೂ ಅವಳು ಬಿಟ್ಟುಕೊಡದ ಗುಟ್ಟು ಅದು. ರೇಷನ್ ಅಂಗಡಿಯಲ್ಲೂ ಕನ್ನಡಕ ಮರೆತೆನೆಂದು ಹೇಳಿ ಕಾಗದ ಓದಿಸಿಕೊಳ್ಳುತ್ತಿದ್ದವಳು. ಹಿಂದಿನಿಂದ ಒಬ್ಬಳು “ಅಂಗಠಾ ಛಾಪ್ ಸಾಬೂನ್ ಬನಾತಿ!” ಎಂದು ನಕ್ಕಳು. ಹೆಬ್ಬೆಟ್ಟಿನವಳು ಸಾಬೂನು ಮಾಡುತ್ತಾಳಂತೆ ಎಂದು ಉಳಿದವರೂ ನಕ್ಕರು. ಅತ್ತಿ ಒಳಗೆ ಬಂದು ಕೊಬ್ಬರಿ ಎಣ್ಣೆಯ ಡಬ್ಬಿ ಒಯ್ದು, ನಕ್ಕವಳನ್ನೂ ಸೇರಿಸಿ ಎಲ್ಲರ ಕೈಗೂ ಹಚ್ಚಿದಳು. ಎದ್ದುಹೋಗಿ ನಾನೊಂದು ಮಾತು ಹೇಳಬಹುದಿತ್ತು. ನಾನು ನನ್ನ ಉಗುರು ನೋಡಿಕೊಳ್ಳುತ್ತ ಕೂತಿದ್ದೆ.

ಮುಂದಿನ ವಾರ ಅವಳು ಮತ್ತೆ ಠಾಣೆಗೆ ಹೋದಳು, ಒಬ್ಬಳೇ. ಅಳತೆಗಳನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡು, ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತ ಬಂದಳು. ಆಮೇಲೆ ಮಾಡಿದ ಪ್ರತಿ ಡ್ರಮ್ಮಿನ ಸಾಬೂನನ್ನೂ ಮೊದಲು ತನ್ನ ಮೊಣಕೈಗೆ ಬಳಿದುಕೊಂಡು ಅರ್ಧ ದಿನ ಇರುತ್ತಿದ್ದಳು. ಚರ್ಮ ಸುಮ್ಮನಿದ್ದರೆ ಮಾತ್ರ ಬಾಟಲಿ ತುಂಬುತ್ತಿದ್ದಳು. ವರ್ಷದೊಳಗೆ ಭಾಂಡೆಯ ಒಂದು ಮನೆ ಬಿಟ್ಟಳು, ಆಮೇಲೆ ಎರಡನ್ನು, ಕೊನೆಗೆ ಮೂರನ್ನೂ. ಶಾಂತಾಬಾಯಿಯೇ ಮೊದಲ ಗಿರಾಕಿಯಾದಳು.

ಆದರೆ ಅತ್ತಿ ನನ್ನಿಂದ ಮತ್ತೆ ಒಂದಕ್ಷರವನ್ನೂ ಓದಿಸಲಿಲ್ಲ. ಕರೆಂಟು ಬಿಲ್ಲು ಬಂದರೆ ಕೆಳಗಿನ ಅಂಗಡಿಯವನ ಹತ್ತಿರ ಒಯ್ಯುತ್ತಿದ್ದಳು. ನನ್ನನ್ನು ಬೈಯುವುದನ್ನೂ ಬಿಟ್ಟಳು. “ಬಾ ತಾಯಿ, ಉಣ್ಣು,” ಎಂದು ರೊಟ್ಟಿಯನ್ನು ಮೆಲ್ಲಗೆ ತಾಟಿಗೆ ಇಡುತ್ತಿದ್ದಳು. ಮಗಳಿಗೆ ಎಷ್ಟು ಮರ್ಯಾದೆ ಕೊಡುತ್ತೀ ಎಂದು ಶಾಂತಾಬಾಯಿ ಮೆಚ್ಚಿಕೊಂಡಳು. ಆ ತಗ್ಗಿದ ದನಿ ನನಗೆ ಗೊತ್ತಿತ್ತು. ಭಾಂಡೆ ಮನೆಯ ಬಾಯಂದಿರ ಎದುರು ಅವಳು ಹೀಗೆಯೇ ಮಾತಾಡುತ್ತಿದ್ದಳು. ನಾನು ಅವಳ ಸಾಬೂನಿನ ದುಡಿಮೆಯಲ್ಲೇ ಓದಿದೆ, ಆಫೀಸು ಸೇರಿದೆ, ಮದುವೆಯಾಗಿ ಸಾನಪಾಡಾಕ್ಕೆ ಬಂದೆ. ಅವತ್ತಿನ ಅಳತೆಯ ನಿಜ ಹೇಳಬೇಕೆಂದು ಎಷ್ಟೋ ಸಲ ಕಳವಾಕ್ಕೆ ಹೋಗಿ, ಚಹಾ ಕುಡಿದು ಬಂದೆ.

ಅಪ್ಪ ತೀರಿಹೋದ ಮರುವರ್ಷ ಆ ಖೋಲಿಗಳನ್ನು ಕೆಡವಿದರು. ನನ್ನ ಮನೆಗೆ ಬಾ ಎಂದರೆ ಅತ್ತಿ ಒಪ್ಪಲಿಲ್ಲ, ಊರಿನ ತಂಗಿಯ ಮನೆಗೆ ಹೊರಟಳು. ಅಲ್ಲಿ ಒಂದು ಬೇಸಗೆ ಮಾತ್ರ ಇದ್ದಳು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಹಾಗಾಗಿ ನಾನು ಅವಳನ್ನು ಕಡೆಯದಾಗಿ ಕಂಡದ್ದು ಕಲ್ಯಾಣ ಸ್ಟೇಷನ್ನಿನಲ್ಲಿ, ಸುಡು ಮಧ್ಯಾಹ್ನ. ಕಿಟಕಿಯ ಸರಳಿನ ಆಚೆ ಕೂತು ಅವಳು ಹಮಾಲನನ್ನು ಬೈದಳು, ಚಹಾದವನ ಚಹಾವನ್ನು ಬೈದಳು. ನಾನು ಸರಳು ಹಿಡಿದು, “ಅತ್ತಿ, ಅವತ್ತ ಆ ಕಾಗದದಾಗ ನಾನೇ...” ಎಂದು ಬಾಯಿ ತೆರೆದೆ. ಅವಳು ನನ್ನ ಕೈ ಮೇಲೆ ತನ್ನ ಒರಟು ಕೈ ಇಟ್ಟು, ಮೆಲ್ಲಗೆ, “ಹೊತ್ತಾಗ್ತದ, ನೀವು ಹೋಗ್ರಿ ತಾಯಿ. ನಿಮಗ ಕೆಲಸ ಇರ್ತಾವ” ಎಂದಳು.

ರೈಲು ಅಲುಗಿತು. ಒಳಗೆ ಯಾರೋ ಅವಳ ಗಂಟಿನ ಮೇಲೆ ಕಾಲಿಟ್ಟಿರಬೇಕು. ಅವನ ವಂಶವನ್ನೆಲ್ಲ ಜಾಡಿಸುವ ಅವಳ ದನಿ ಕಿಟಕಿಯಿಂದ ಗಟ್ಟಿಯಾಗಿ ಬಂತು. ಅದು ಕೇಳಿಸುವಷ್ಟು ದೂರ ನಾನು ಬೋಗಿಯ ಪಕ್ಕದಲ್ಲೇ ನಡೆದೆ. ಆ ಬೈಗುಳ ತಿಂದವನು ಯಾರೋ, ನನಗೆ ಗೊತ್ತಿಲ್ಲ. ಅವನ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.