ಗೌಡರ ಜೀಪಿಗೆ ಒಪ್ಪದ ಟಾಯರು

ಮಲ್ಲಪ್ಪಣ್ಣ, ಆ ಟಾಯರು ನೀನು ಓಡಿಸುವ ಜೀಪಿಗೆ ಸರಿಯಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸರಿಯಿವೆ ಎಂದೆ. ಒಮ್ಮೆಯಲ್ಲ, ಎರಡು ಸಲ.

ಅರವತ್ತರ ದಶಕದ ಮೊದಲ ವರ್ಷಗಳು. ಮಿಲಿಟರಿ ವರ್ಕ್‌ಶಾಪಿನ ಕೆಲಸ ಬಿಟ್ಟು ಬಂದು ನಾನು ವಿಜಾಪುರದ ಗಾಂಧಿ ಚೌಕದ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದೆ. ನೀನು ಬಬಲೇಶ್ವರದ ಗೌಡರ ಜೀಪು ಓಡಿಸುತ್ತಿದ್ದೆ — ಲಿಲಾವಿನಲ್ಲಿ ಕೂಗಿ ಕೊಂಡ ಹಳೆಯ ಮಿಲಿಟರಿ ಗಾಡಿ. ಟಾಯರಿನ ಅಳತೆ, ಗಾಳಿಯ ಲೆಕ್ಕ ಬರೆದ ತಗಡು ಅದರಲ್ಲಿ ಉಳಿದಿರಲಿಲ್ಲ. ಆದರೆ ನಾನು ಕೆಲಸ ಕಲಿತದ್ದೇ ಅಂಥ ಗಾಡಿಗಳ ಕೆಳಗೆ ಮಲಗಿ. ಆರು-ಹದಿನಾರರ ಟಾಯರು, ಅಂದರೆ ಆರು ಇಂಚು ಅಗಲ, ಹದಿನಾರು ಇಂಚಿನ ಗಾಲಿ; ಮುಂದೆ ಇಪ್ಪತ್ತಾರು ಪೌಂಡ್ ಗಾಳಿ, ಹಿಂದೆ ಎರಡು ಹೆಚ್ಚು — ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ.

ಗೌಡರು ಎಲ್ಲಿಂದಲೋ ದಪ್ಪನೆಯ ಏಳು-ಹದಿನಾರರ ಟಾಯರು ತಂದಿದ್ದರು. ನೀನು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ.

"ಇವು ಬ್ಯಾಡ್ರಿ ಗೌಡ್ರ. ಪೂರಾ ತಿರುವಿದ್ರ ಸ್ಪ್ರಿಂಗಿಗೆ ತಿಕ್ಕತಾವ, ಹರೀತಾವ," ಎಂದೆ.

ಅವರು ನನ್ನ ಮುಖವನ್ನೂ ನೋಡಲಿಲ್ಲ. "ನಿಮ್ಮ ಕೇರಿಯವರ ಕೈಯಾನ ನೀರ ಕುಡಿಯಂಗಿಲ್ಲ ನಾವು. ನಿನ್ನ ಮಾತ ಕೇಳಬೇಕೇನ್ಲೇ? ಹಾಕು. ಗಾಳಿ ಬಿಗಿಯಾಗಿ ತುಂಬು," ಎಂದು ಪೇಟೆಯ ಕಡೆ ಹೋದರು.

ಹಾಕಿದೆ. ನಲವತ್ತು ಪೌಂಡ್ ತುಂಬಿದೆ — ಕಲ್ಲಿನಂತಾಯಿತು.

ಆಗ ನೀನು ಬಂದೆ. ಟಾಯರನ್ನು ಕಾಲಿನಿಂದ ಒದ್ದು ನೋಡಿದೆ. "ಖರೇ ಹೇಳು ತಮ್ಮಾ, ಇವು ನಡೀತಾವೇನು? ನೀ ಬ್ಯಾಡ ಅಂದ್ರ ನಾ ಈ ಗಾಡಿ ಮುಟ್ಟಂಗಿಲ್ಲ."

ಒಂದೇ ಮಾತು ಸಾಕಿತ್ತು. ಆದರೆ ನನ್ನ ಕಣ್ಣ ಮುಂದೆ ಗೌಡರಷ್ಟೇ ಇದ್ದರು — ಬೀಳಲಿ, ಬಿದ್ದಾಗ ನನ್ನ ಮಾತು ನೆನೆಯಲಿ... ಸ್ಟೇರಿಂಗು ಹಿಡಿಯುವವನು ನೀನು ಎಂಬುದು —

"ನಡೀತಾವ, ಹೋಗಣ್ಣಾ," ಎಂದೆ.

ಮೂರನೆಯ ದಿನ ನಿಡೋಣಿ ರಸ್ತೆಯ ತಿರುವಿನಲ್ಲಿ ಟಾಯರು ಒಡೆದು ಜೀಪು ಮಗುಚಿತು. ಗೌಡರು ಅದರಲ್ಲಿರಲಿಲ್ಲ. ನಿನ್ನ ಮೊಣಕಾಲು ಚೂರಾಯಿತು. ಡ್ರೈವರು ಕುಡಿದಿದ್ದ ಎಂದು ಗೌಡರು ಊರೆಲ್ಲ ಸಾರಿದರು — ಸೇಂದಿಯ ವಾಸನೆ ಬಂದರೇ ಮೂಗು ಮುಚ್ಚುತ್ತಿದ್ದ ನಿನ್ನ ಬಗ್ಗೆ! ಹಿರಿಯರು ನನ್ನನ್ನು ಬಬಲೇಶ್ವರದ ಪಂಚಾಯ್ತಿ ಕಟ್ಟೆಗೆ ಕರೆಸಿದರು.

"ಟಾಯರ್ ಬರೋಬ್ಬರಿ ಇದ್ದೂವೇನು?"

"ಇದ್ದೂರಿ."

ಹಾಕಿದವನು ನಾನು, ಗಾಳಿ ತುಂಬಿದವನು ನಾನು. ಅಂಗಡಿ ಹೋದೀತೆಂಬ ಹೆದರಿಕೆ, ಬೇರೇನಲ್ಲ. ಕೋಲೂರಿ ನಿಂತಿದ್ದ ನೀನು ಒಮ್ಮೆ ನನ್ನತ್ತ ನೋಡಿದೆ. ಕುಂಟುತ್ತ ಹೊರಟುಹೋದೆ. ಮತ್ತೆ ಯಾರೂ ನಿನ್ನ ಕೈಗೆ ಗಾಡಿ ಕೊಡಲಿಲ್ಲ. ತಿಕೋಟಾದ ಹಿಟ್ಟಿನ ಗಿರಣಿಯಲ್ಲಿ ಕುಳಿತು ಮಂದಿಯ ಜೋಳ ಬೀಸಿಕೊಡುತ್ತ ನಿನ್ನ ವಯಸ್ಸು ಕಳೆಯಿತು.

ಅವಮಾನ ತಡೆಯದೆ ಹಾಗೆ ಮಾಡಿದೆ ಎಂದು ನನ್ನ ಮಗ ನನ್ನ ಪರವಾಗಿ ವಾದಿಸುತ್ತಾನೆ. ಬೇಡ. ಆ ಹೊಲಸು ಮಾತು ಗೌಡರದು, ಸುಳ್ಳು ನನ್ನದು. ಗೌಡರಿಗೆ ಕೇಡು ಬಯಸಿದ್ದಕ್ಕೆ ನಾನು ಇಂದಿಗೂ ತಲೆ ಬಾಗಿಸುವುದಿಲ್ಲ. ನಿನ್ನ ಮುಂದೆ ಮಾತ್ರ ತಲೆ ಎತ್ತಲಾರೆ.

"ಸತ್ತ ನಮ್ಮಪ್ಪನ ಹೆಸರ ಯಾಕ ಕೆದರತೀದಿ, ಸುಮ್ಮಕಿರು," ಎಂದು, ನನ್ನ ನಿರ್ಧಾರ ತಿಳಿದ ಗೌಡರ ಮಕ್ಕಳು ಹೇಳಿ ಕಳಿಸಿದ್ದಾರೆ. ಸುಮ್ಮನಿರುವುದಿಲ್ಲ. ಬರುವ ಸೋಮವಾರ ಅದೇ ಕಟ್ಟೆ ಹತ್ತಿ, ಮಲ್ಲಪ್ಪ ಕುಡಿದಿರಲಿಲ್ಲ, ಸುಳ್ಳು ಹೇಳಿದವನು ನಾನು ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತೇನೆ. ಯಾರು ಬೇಕಾದರೂ ಕಲ್ಲೆಸೆಯಲಿ. ನೀನು ಬರಬೇಕು ಎನ್ನುವ ಹಕ್ಕು ನನಗಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ — ಕೇಳಿದರೆ ನೀನು ಕ್ಷಮಿಸಿಬಿಡುತ್ತೀ.